ತೊಟ್ಟಿಲ ಮೌನ

ಆ ಊರಿನಲ್ಲಿ ಎಲ್ಲರೂ ತಾಮ್ರ ಬಡಿಯುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಮೊದಲ ಸುತ್ತಿಗೆ ಏಳುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಕೊನೆಯ ಸುತ್ತಿಗೆ ಮಲಗುತ್ತಿತ್ತು. ಆ ನಡುವೆ ಊರಿಗೆ ಊರೇ ಠಣ್ ಠಣ್ ಎನ್ನುತ್ತಿತ್ತು. ಅಲ್ಲಿ ಹುಟ್ಟಿದವರು ಗಟ್ಟಿಯಾಗಿ ಮಾತಾಡುತ್ತಿದ್ದರು, ಗಟ್ಟಿಯಾಗಿ ನಗುತ್ತಿದ್ದರು, ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಗುಟ್ಟೇ ಉಳಿಯುವುದಿಲ್ಲ ಎಂದು ಹೊರಗಿನವರು ತಿಳಿದಿದ್ದರು. ಹೊರಗಿನವರು ಎಲ್ಲ ಊರುಗಳ ಬಗ್ಗೆಯೂ ಹೀಗೆ ಏನಾದರೊಂದು ತಿಳಿದೇ ಇರುತ್ತಾರೆ.

ಊರ ನಡುವೆ ಗ್ರಂಥಾಲಯವಿತ್ತು. ಬೇರೆ ಊರಿನ ಗ್ರಂಥಾಲಯಗಳು ಮಾಡುವುದನ್ನೆಲ್ಲ ಅದೂ ಮಾಡುತ್ತಿತ್ತು. ಬೆಳಿಗ್ಗೆ ಓರೆಮೇಜಿನ ಮೇಲೆ ಪತ್ರಿಕೆಗಳನ್ನು ಹರಡುತ್ತಿತ್ತು. ಕಣ್ಣು ಮಂಜಾದವರಿಗೆ ಓದಿ ಹೇಳುತ್ತಿತ್ತು. ರಜೆಯ ದಿನ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಕತೆ ಹೇಳುತ್ತಿತ್ತು. ಹಾಸಿಗೆ ಹಿಡಿದವರ ಮನೆಗೆ ತಳ್ಳುಗಾಡಿಯಲ್ಲಿ ಪುಸ್ತಕ ಕಳಿಸುತ್ತಿತ್ತು. ಆದರೆ ಜನ ಮುಗಿಬಿದ್ದು ಬರುತ್ತಿದ್ದುದು ಇವಕ್ಕಲ್ಲ. ಆ ಊರಿನ ಗ್ರಂಥಾಲಯ ಮೌನವನ್ನು ಎರವಲು ಕೊಡುತ್ತಿತ್ತು.

ಮೌನವನ್ನು ಅದು ಎಲ್ಲಿಂದಲೂ ತರಿಸುತ್ತಿರಲಿಲ್ಲ. ಓದುವವರಿಂದಲೇ ಅದು ಹುಟ್ಟುತ್ತಿತ್ತು. ಉದ್ದ ಬೆಂಚುಗಳ ಮೇಲೆ ಜನ ತಲೆ ತಗ್ಗಿಸಿ ಕೂತಾಗ, ಮನಸ್ಸಿಟ್ಟು ಓದುವವರ ಸುತ್ತ ಮೌನ ನಿಧಾನವಾಗಿ ಕಟ್ಟುತ್ತಿತ್ತು, ಕಾಯ್ದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಓದುವ ಸೋಗು ಹಾಕಿದವರ ಸುತ್ತ ಏನೂ ಕಟ್ಟುತ್ತಿರಲಿಲ್ಲ. ಅಂಥವರೂ ಇದ್ದರು, ಫ್ಯಾನಿನ ಕೆಳಗಿನ ಜಾಗ ಯಾವಾಗಲೂ ಅವರದೇ, ಅವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಸಂಜೆ ಗ್ರಂಥಪಾಲಕಿ ನವಿಲುಗರಿಯ ಕಟ್ಟಿನಿಂದ ಬೆಂಚುಗಳನ್ನು ಮೆಲ್ಲಗೆ ಗುಡಿಸಿ, ಆ ದಿನದ ಮೌನವನ್ನು ತಾಮ್ರದ ಪಾತ್ರೆಗಳಿಗೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ತಂಬಿಗೆಯ ಮೌನ ಒಂದು ಹೊತ್ತಿನ ನಿದ್ದೆಗೆ. ಬಿಂದಿಗೆಯದು ಪರೀಕ್ಷೆಗೆ ಓದುವವರಿಗೆ, ಜ್ವರ ಬಂದು ಮಲಗಿದವರಿಗೆ. ಹಂಡೆಯದನ್ನು ಸಾವಾದ ಮನೆಯವರು ಹೆಗಲು ಕೊಟ್ಟು ಒಯ್ಯುತ್ತಿದ್ದರು. ಕಿಟಕಿಯ ಪಕ್ಕದ ಕಪಾಟಿನಲ್ಲಿ ಮಾತ್ರ ಸಣ್ಣ ಬಾಯಿಯ ಬಿಂದಿಗೆಗಳಿದ್ದವು. ಅವುಗಳಲ್ಲಿದ್ದದ್ದು ತೊಟ್ಟಿಲ ಮೌನ. ಹಸುಗೂಸಿನ ತಾಯಂದಿರು ಕೇಳಬೇಕಾಗಿಯೂ ಇರಲಿಲ್ಲ, ಕಪಾಟಿನ ಮುಂದೆ ನಿಂತರೆ ಸಾಕಿತ್ತು.

ಒಯ್ದ ಮೌನ ಮರಳಬೇಕು. ಊರಿನ ನಿಯಮ ಅದೊಂದೇ. ಕೆಲಸ ಮುಗಿದ ಮೇಲೆ ಬೆಳಿಗ್ಗೆ ಪಾತ್ರೆಯ ಬಾಯಿ ಬಿಚ್ಚಿ ನಡುಮನೆಯಲ್ಲಿಟ್ಟರೆ ಮೌನ ತಾನಾಗಿಯೇ ಒಳಗೆ ಇಳಿಯುತ್ತಿತ್ತು. ಅದು ಗ್ರಂಥಾಲಯದ ಆಸ್ತಿಯಲ್ಲ, ಓದಿದವರ ಆಸ್ತಿ. ಮರಳದಿದ್ದರೆ ಓದುವ ಕೋಣೆಯಲ್ಲಿ ಅಷ್ಟು ಜಾಗ ತೂತು ಬೀಳುತ್ತಿತ್ತು. ಆ ತೂತಿನಿಂದ ಸುತ್ತಿಗೆಯ ಸದ್ದು ನುಗ್ಗುತ್ತಿತ್ತು, ಅಲ್ಲಿ ಯಾರೂ ಕೂತು ಓದಲಾಗುತ್ತಿರಲಿಲ್ಲ. ಆದ್ದರಿಂದ ಮೌನ ಇಟ್ಟುಕೊಂಡವರ ಮನೆಗೆ ಪ್ರತಿ ಋತುವಿನ ಮೊದಲ ದಿನ ಗ್ರಂಥಪಾಲಕಿ ಹಿತ್ತಾಳೆಯ ಬಟ್ಟಲು ಹಿಡಿದು ಬರುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು, "ನಿಮ್ಮ ಮನೆಯ ಮೌನ ಮರಳಿಲ್ಲ, ಒಂದು ಸದ್ದು ಕೊಡಿ" ಎನ್ನುತ್ತಿದ್ದಳು. ಮನೆಯವರು ಒಂದು ವಸ್ತುವನ್ನು ತಂದು ತೋರಿಸಬೇಕು. ಬಟ್ಟಲು ಅದಕ್ಕೆ ತಾಗುತ್ತಿತ್ತು. ಅಲ್ಲಿಂದ ಮುಂದೆ, ಮೌನ ಮರಳುವ ತನಕ, ಆ ವಸ್ತುವಿಗೆ ಸದ್ದು ಇರುತ್ತಿರಲಿಲ್ಲ.

ಊರಿನ ಪಡುವಣ ಓಣಿಯಲ್ಲಿ ಒಂದು ಮನೆ. ಅಲ್ಲಿ ಗಂಡ ಕೊಡಪಾನ ಬಡಿಯುತ್ತಿದ್ದ, ಹೆಂಡತಿ ಅವಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಅವರಿಗೊಬ್ಬ ಮಗ ಹುಟ್ಟಿದ್ದ. ಸುತ್ತಿಗೆಯ ಸದ್ದಿಗೆ ಬೆಚ್ಚಿಬೆಚ್ಚಿ ಏಳುತ್ತಿದ್ದ. ಹೆಂಡತಿ ಹೋಗಿ ಕಪಾಟಿನ ಮುಂದೆ ನಿಂತಳು, ಗ್ರಂಥಪಾಲಕಿ ಬಿಂದಿಗೆ ಇಳಿಸಿ ಕೊಟ್ಟಳು, ಕೂಸಿನ ಕೆನ್ನೆ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ಅದಾದ ಮೇಲೆ ಒಂದು ಸುಡುಬಿಸಿಲಿನ ಮಧ್ಯಾಹ್ನ ಕೂಸು ಹಾಲು ಕುಡಿದು ಮಲಗಿತ್ತು. ಗಂಡ ಹೆಂಡತಿಯೂ ಒಂದಿಷ್ಟು ಅಡ್ಡಾದರು. ಇಳಿಹೊತ್ತಿಗೆ ಎದ್ದು ನೋಡಿದಾಗ ಹಾಲು ನೆತ್ತಿಗೇರಿ ಕೂಸು ತೀರಿಹೋಗಿತ್ತು.

ಓಣಿಯ ಜನ ಸೇರಿದರು. "ಮೌನ ಕೂಸಿನ ಅಳುವನ್ನು ನುಂಗಿತು" ಎಂದು ಯಾರೋ ಅಂದರು. ಯಾರು ಮೊದಲು ಅಂದರೋ ಗೊತ್ತಿಲ್ಲ. ಗಂಡ ತಲೆಯಾಡಿಸಿದ. ಹೆಂಡತಿಯೂ ತಲೆಯಾಡಿಸಿದಳು. ಅಷ್ಟೇ ಸಾಕಾಯಿತು. ಗ್ರಂಥಪಾಲಕಿ ಬಂದು ಅಂಗಳದಲ್ಲಿ ಕೂತು ಎದೆ ಎದೆ ಬಡಿದುಕೊಂಡು ಅತ್ತಳು. ಮರುದಿನ ಕಿಟಕಿಯ ಪಕ್ಕದ ಕಪಾಟಿಗೆ ಬೀಗ ಬಿತ್ತು. ಆ ಊರಿನಲ್ಲಿ ತೊಟ್ಟಿಲ ಮೌನ ನಿಂತುಹೋಯಿತು.

ದಿನಗಳು ಕಳೆದು, ಗಂಡ ಹೆಂಡತಿ ಬಿಂದಿಗೆಯ ಬಾಯಿ ಬಿಚ್ಚಿ ನಡುಮನೆಯಲ್ಲಿಟ್ಟು ಕಾದರು. ಮೌನ ಒಳಗೆ ಇಳಿಯಲಿಲ್ಲ. ಅದು ಮನೆಯಲ್ಲೇ ಉಳಿಯಿತು. ಮೊದಲು ತೊಟ್ಟಿಲಿದ್ದ ಮೂಲೆಯಲ್ಲಿತ್ತು, ಆಮೇಲೆ ಅಡುಗೆಮನೆಗೆ ಬಂತು, ಆಮೇಲೆ ಹಾಸಿಗೆಗೆ ಬಂತು. ಕೊನೆಗೆ ಆ ಮನೆಯೊಳಗೆ ಬಾಯಿ ತೆರೆದರೆ ಮಾತು ಬರುತ್ತಿರಲಿಲ್ಲ. ಬಂದ ನೆಂಟರ ಮಾತೂ ಬಾಯಲ್ಲೇ ನಿಲ್ಲುತ್ತಿತ್ತು, ಹಾಗಾಗಿ ನೆಂಟರು ಬರುವುದನ್ನು ಬಿಟ್ಟರು. ಬೀದಿಗೆ ಬಂದು ಮಾತಾಡಬಹುದಿತ್ತು. ಆದರೆ ಮನೆಯಲ್ಲಿ ಆಡಲಾಗದ ಮಾತನ್ನು ಬೀದಿಯಲ್ಲಿ ನಿಂತು ಯಾರು ಆಡುತ್ತಾರೆ?

ಋತುಗಳು ಬಂದವು, ಗ್ರಂಥಪಾಲಕಿ ಬಟ್ಟಲು ಹಿಡಿದು ಬಂದಳು. ಮೊದಲು ಹೆಂಡತಿಯ ಕಾಲ್ಗೆಜ್ಜೆಯನ್ನು ಕೊಟ್ಟರು. ಆಮೇಲೆ ಬಾಗಿಲ ಕೀಲು. ಆಮೇಲೆ ಒರಳು, ಚಿಲಕ, ಬಚ್ಚಲ ನಲ್ಲಿ, ಕೈಬಳೆ, ನೀರು ಕಾಸುವ ಪಾತ್ರೆ, ಒಗ್ಗರಣೆಯ ಸೌಟು. ಸಾಸಿವೆ ಸದ್ದಿಲ್ಲದೆ ಸಿಡಿಯತೊಡಗಿತು. ಕಳೆದ ಋತುವಿನಲ್ಲಿ ಕೊಡಲು ಬೇರೇನೂ ಸಿಗದೆ ಗಂಡ ತನ್ನ ಸುತ್ತಿಗೆಯನ್ನೇ ತಂದು ಬಟ್ಟಲಿನ ಮುಂದೆ ಹಿಡಿದ. ತಾಮ್ರ ಹದಕ್ಕೆ ಬಂತೋ ಇಲ್ಲವೋ ಎಂದು ಬಡಿಯುವವನಿಗೆ ಹೇಳುವುದು ಕಣ್ಣಲ್ಲ, ಕಿವಿ. ಸದ್ದಿಲ್ಲದ ಸುತ್ತಿಗೆಯಿಂದ ಅವನು ಮಾಡಿದ ಕೊಡಪಾನಗಳೆಲ್ಲ ಸೋರತೊಡಗಿದವು.

ಸಂಸಾರದಲ್ಲಿ ಎಲ್ಲದಕ್ಕೂ ಮಾತು ಬೇಕಾಗುವುದಿಲ್ಲ. ಹೆಂಡತಿ ಮತ್ತೆ ಬಸುರಿಯಾದಳು.

ಚಳಿ ಹಿಡಿಯುವ ಹೊತ್ತಿಗೆ ಹೆರಿಗೆ ಎಂದು ಸೂಲಗಿತ್ತಿ ಅಂಗಳದಲ್ಲಿ ನಿಂತು ಹೇಳಿದಳು. ಹೆಂಡತಿ ಲೆಕ್ಕ ಹಾಕಿದಳು. ಚಳಿಗಾಲದ ಮೊದಲ ದಿನ ಗ್ರಂಥಪಾಲಕಿ ಬರುತ್ತಾಳೆ. ಮನೆಯಲ್ಲಿ ಕೊಡಲು ಒಂದು ಸದ್ದೂ ಉಳಿದಿಲ್ಲ. ತಮ್ಮ ದನಿಗಳನ್ನು ಕೊಡೋಣವೆಂದರೆ, ಬಳಸದ ಸದ್ದನ್ನು ಗ್ರಂಥಾಲಯ ತೆಗೆದುಕೊಳ್ಳುವುದಿಲ್ಲ. ತೋರಿಸಲು ಸದ್ದಿಲ್ಲದ ಮನೆಯಲ್ಲಿ ಬಟ್ಟಲನ್ನು ಹೊಸ್ತಿಲ ಮೇಲೆ ಇಡುತ್ತಾರೆ, ಆ ಮನೆಯಲ್ಲಿ ಹೊಸದಾಗಿ ಹುಟ್ಟುವ ಸದ್ದು ತಾನೇ ಬಂದು ಅದರಲ್ಲಿ ಬೀಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಟ್ಟಲನ್ನು ಎತ್ತಿಕೊಂಡು ಹೋದರೆ ಮುಗಿಯಿತು. ಹುಟ್ಟುವ ಕೂಸಿಗೆ ಅಳು ಇರುವುದಿಲ್ಲ. ಹಸಿವಾದರೆ ಗೊತ್ತಾಗುವುದಿಲ್ಲ, ನೋವಾದರೆ ಗೊತ್ತಾಗುವುದಿಲ್ಲ, ಹಾಲು ನೆತ್ತಿಗೇರಿದರೆ ಗೊತ್ತಾಗುವುದಿಲ್ಲ.

ಅವಳು ಅಂಗಳಕ್ಕೆ ಬಂದು ಗೋಡೆ ಹಿಡಿದು ನಿಂತಳು. ಪಕ್ಕದ ಮನೆಯ ಬಾಣಂತಿ ತನ್ನ ಅವಳಿ ಕೂಸುಗಳನ್ನು ಎರಡು ಹೆಗಲಿಗೂ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು.

"ಎರಡೂ ಕಣ್ಣ ಮುಚ್ಚವಲ್ವು ನೋಡವಾ," ಎಂದಳು ಬಾಣಂತಿ. "ಸುತ್ತಿಗಿ ಬಿದ್ದಾಗೊಮ್ಮೆ ಬೆಚ್ಚತಾವು. ಆ ಗ್ರಂಥಾಲಯದಾಕಿ ತೊಟ್ಟಿಲ ಮೌನ ಕೊಡೂದ ಬಿಟ್ಟಾಳ. ನಿನ್ನ ಮಗನ್ನ ತಿಂದ ಮ್ಯಾಲ ಯಾವ ಮುಖದಾಗ ಕೊಟ್ಟಾಳು? ನಾನಂತೂ ದಿನಾ ಬಯ್ಯತೀನಿ ಆಕೀನ್ನ."

ಬಾಣಂತಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಅವನ್ನು ನೋಡಲಾಗದೆ ಹೆಂಡತಿ ಒಳಗೆ ಹೋದಳು. ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಗ್ರಂಥಾಲಯಕ್ಕೆ ನಡೆದಳು.

ಓದುವ ಕೋಣೆಯಲ್ಲಿ ಜನ ತಲೆ ತಗ್ಗಿಸಿ ಕೂತಿದ್ದರು. ಮೂಲೆಯ ಬೆಂಚು ಮಾತ್ರ ಖಾಲಿ. ಅವರ ಮನೆಯ ಮೌನ ಮರಳದೆ ಬಿದ್ದ ತೂತು ಅಲ್ಲಿತ್ತು, ಊರಿನ ಸುತ್ತಿಗೆಗಳೆಲ್ಲ ಆ ಬೆಂಚಿನ ಮೇಲೆಯೇ ಬೀಳುತ್ತಿರುವಂತೆ ಸದ್ದು. ಗ್ರಂಥಪಾಲಕಿ ಅವಳನ್ನು ಆ ಬೆಂಚಿನ ಬಳಿಗೇ ಕರೆದುಕೊಂಡು ಹೋದಳು. ಆ ಕೋಣೆಯಲ್ಲಿ ಮಾತಾಡಬಹುದಾದ ಜಾಗ ಅದೊಂದೇ.

"ಬಿಂದಿಗಿ ತಂದೇನ್ರಿ ಅಕ್ಕಾರ."

"ಬರೀ ಬಿಂದಿಗಿ ತಂದ್ರ ಏನು ಬಂತು ತಂಗಿ? ಮೌನ ನಿಮ್ಮ ಮನ್ಯಾಗ ಐತಿ."

"ಬಾಯಿ ಬಿಚ್ಚಿಟ್ಟು ಎಷ್ಟು ಸಲ ಕುಂತೇನಿ. ಒಳಗ ಬರವಲ್ದು."

"ಹೇಳದ ಮಾತು ಅದರಾಗ ಸಿಕ್ಕೊಂಡಿರತೈತಿ," ಎಂದಳು ಗ್ರಂಥಪಾಲಕಿ. "ಅದನ್ನ ಹೇಳೂತನಕ ಅದು ಬಾಯಿ ದಾಟೂದಿಲ್ಲ. ಇಲ್ಲೇ ಕುಂದ್ರು. ಬಿಂದಿಗಿ ಉಡಿಯಾಗ ಇಟ್ಕೊಂಡು ಹೇಳು. ಇಲ್ಲಿ ಹೇಳಿದ್ದನ್ನ ಯಾರೂ ಕೇಳಂಗಿಲ್ಲ, ಹೊರಗ ಒಯ್ಯಂಗಿಲ್ಲ. ನಾನು ಮುಖಾ ಆ ಕಡೆ ಮಾಡಿರತೀನಿ."

ಹೆಂಡತಿ ಕೂತಳು. ಬಸಿರ ಹೊಟ್ಟೆಗೆ ಬಿಂದಿಗೆ ತಾಗಿತು. ಒಳಗಿನ ಕೂಸು ಒದೆಯಿತು, ಬಿಂದಿಗೆ ಸಣ್ಣಗೆ ಅಲುಗಿತು. ಅವಳು ಬಿಂದಿಗೆಯ ಬಾಯಿಗೆ ಬಾಯಿ ಹತ್ತಿರ ತಂದು ಹೇಳಿದಳು.

"ಆವತ್ತ ಮಧ್ಯಾಹ್ನ ನನಗ ನಿದ್ದಿ ಹತ್ತಿರಲಿಲ್ಲ. ಕೂಸು ಅತ್ತದ್ದು ಕೇಳಿಸ್ತು. ಮೌನ ಸುತ್ತಿಗೀನ ತಡದಿತ್ತು, ಕೂಸಿನ ಅಳುವನ್ನ ತಡದಿರಲಿಲ್ಲ. ನನಗ ಮೈ ಸೋತಿತ್ತು. ಎಷ್ಟೋ ದಿನ ಆದ ಮ್ಯಾಲ ಬೆನ್ನು ನೆಲಕ್ಕ ಹತ್ತಿತ್ತು. ಇವರು ಬಾಜೂಕ ಮಲಗಿದ್ರು. ಅಳಲಿ ಬಿಡು, ಅತ್ತು ಅತ್ತು ತಾನ ಮಲಗತೈತಿ ಅಂದ್ಕೊಂಡೆ. ಅಳೂದು ನಿಂತಿತು. ಮಲಗಿತು ಅಂತ ನನಗ ಖುಷಿ ಆತು. ಖುಷಿ ಆತ್ರಿ ಅಕ್ಕಾರ."

ಅವಳು ಅತ್ತಳು. ಸುತ್ತಿಗೆಯ ಸದ್ದಿನಲ್ಲಿ ಆ ಅಳು ಬೆಂಚಿನಿಂದ ಆಚೆ ಹೋಗಲಿಲ್ಲ. ಓದುವವರು ಪುಟ ತಿರುವಿದರು. ಉಡಿಯಲ್ಲಿದ್ದ ಬಿಂದಿಗೆ ಭಾರವಾಗುತ್ತ ಬಂತು.

ಗ್ರಂಥಪಾಲಕಿ ಮುಖ ತಿರುಗಿಸಿ ನಿಂತಿದ್ದಳು, ಆದರೆ ಕಿವಿಯನ್ನು ತಿರುಗಿಸಿಡುವುದು ಯಾರಿಂದ ಆಗುತ್ತದೆ? ಅವಳಿಗೆ ಎಲ್ಲವೂ ಕೇಳಿತ್ತು. ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಇಷ್ಟು ವರ್ಷ ತಾನು ಕೊಟ್ಟ ಬಿಂದಿಗೆಯೇ ಒಂದು ಕೂಸನ್ನು ಕೊಂದಿತು ಎಂದು ನಂಬಿ ಅವಳು ಬದುಕಿದ್ದಳು. ಊರಿನ ತಾಯಂದಿರ ಬೈಗುಳವನ್ನು ತನಗೆ ಸಲ್ಲಬೇಕಾದದ್ದು ಎಂದು ತಲೆಬಾಗಿ ಕೇಳಿದ್ದಳು. ಎಷ್ಟೋ ಕೂಸುಗಳು ನಿದ್ದೆಯಿಲ್ಲದೆ ಬೆಳೆದಿದ್ದವು. ಆದರೂ ಅವಳು ತಿರುಗಿ, ಬಗ್ಗಿ, ಬಿಂದಿಗೆಯ ಹೊಟ್ಟೆಗೆ ಬೆರಳಿನಿಂದ ಬಡಿದು ನೋಡಿದಳು.

"ಅರ್ಧ ಐತಿ," ಎಂದಳು.

"ಎಲ್ಲಾ ಹೇಳಿದೆನ್ರಿ. ಇನ್ನೇನೂ ಉಳಿದಿಲ್ಲ."

"ನಿನ್ನದು ಬಂತು. ಉಳಿದದ್ದು ನಿನ್ನದಲ್ಲ."

"ಅರ್ಧ ಇಟ್ಕೊಂಡು ಅರ್ಧ ದಂಡ ಹಾಕ್ರಿ."

"ಅರ್ಧ ಮೌನ ಅಂತ ಇಲ್ಲ ತಂಗಿ. ಇಡೀ ಮರಳಬೇಕು."

ಹೆಂಡತಿ ಬಿಂದಿಗೆ ಹೊತ್ತು ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಉಳಿದದ್ದು ಗಂಡನದು. ಏನಿದ್ದೀತು ಅದು? ಅವಳಿಗೆ ಒಂದೇ ಉತ್ತರ ಹೊಳೆಯಿತು. ತಾನು ಎಚ್ಚರವಿದ್ದುದು ಅವನಿಗೆ ಗೊತ್ತು. ಎದ್ದು ನೋಡಿದಾಗ ತನ್ನ ಮುಖದಲ್ಲಿ ಅವನು ಅದನ್ನು ಕಂಡಿದ್ದಾನೆ. ಮಗನನ್ನು ಕೊಂದವಳು ನೀನು ಎಂಬ ಮಾತನ್ನು ಅವನು ಇಷ್ಟು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡು ಬಂದಿದ್ದಾನೆ. ಆ ಮಾತು ಹೊರಗೆ ಬಂದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಳು ಉಳಿಯುತ್ತದೆ. ಆ ಮಾತು ಹೊರಗೆ ಬಂದ ಮೇಲೆ ತಾನು ಆ ಮನೆಯಲ್ಲಿ ಹೇಗೆ ಉಳಿಯುವುದು ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಆದರೂ ಬಿಂದಿಗೆಯನ್ನು ಮತ್ತೆ ಎತ್ತಿಕೊಂಡು ಹೋದಳು. ಗಂಡ ಪೇಟೆಯಲ್ಲಿ ಸೋರುವ ಕೊಡಪಾನಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಕೊಳ್ಳುವವರು ಬರುತ್ತಿದ್ದರು, ನೀರು ಹಾಕಿ ನೋಡುತ್ತಿದ್ದರು, ಸುಮ್ಮನೆ ಮುಂದೆ ಹೋಗುತ್ತಿದ್ದರು. ಅವಳು ಅವನೆದುರು ಬಿಂದಿಗೆ ಇಟ್ಟಳು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಅವಳ ದನಿ ಕೇಳಿತು. ಅದು ಅವನು ನೆನಪಿಟ್ಟುಕೊಂಡದ್ದಕ್ಕಿಂತ ಒಡಕಾಗಿತ್ತು.

"ಅರ್ಧ ತುಂಬೈತ್ರಿ," ಎಂದಳು.

ಅವನು ಬಿಂದಿಗೆಯನ್ನು ನೋಡಿದ. "ಏನು ಹೇಳಿ ತುಂಬಿಸಿದಿ?"

"ಅದನ್ನ ಕೇಳಬಾರದಂತ. ಉಳಿದದ್ದು ನಿಮ್ಮದಂತ. ಗ್ರಂಥಾಲಯದ ಮೂಲಿ ಬೆಂಚಿನ ಮ್ಯಾಲ ಕುಂತು ಬಿಂದಿಗ್ಯಾಗ ಹೇಳಬೇಕಂತ."

"ನನ್ನ ಕಡೆ ಹೇಳೂದು ಏನೂ ಇಲ್ಲ."

"ಇದ್ದದ್ದ ಹೇಳ್ರಿ. ಏನ ಇರಲಿ. ನನ್ನ ಬಗ್ಗೆ ಇದ್ರೂ ಹೇಳ್ರಿ. ನಾ ತಡ್ಕೋತೀನಿ. ಈ ಕೂಸಿಗಾಗಿ ಹೇಳ್ರಿ."

ಅವನ ಮುಖ ತಾಮ್ರದ ತಗಡಿನ ಬಣ್ಣಕ್ಕೆ ತಿರುಗಿತು. "ಏನೂ ಇಲ್ಲ ಅಂದ್ನೆಲ್ಲ," ಎಂದು ಮತ್ತೊಮ್ಮೆ ಹೇಳಿ, ಸೋರುವ ಕೊಡಪಾನವೊಂದನ್ನು ಎತ್ತಿಕೊಂಡು ಅದರ ತಳವನ್ನು ಉಜ್ಜತೊಡಗಿದ. ಉಜ್ಜಿದರೆ ಸೋರುವುದು ನಿಲ್ಲುತ್ತದೆಯೇ? ಅವಳು ಬಿಂದಿಗೆಯನ್ನು ಅಲ್ಲಿಯೇ ಬಿಟ್ಟು ಬಂದಳು. ಸಂಜೆ ಅವನು ಅದನ್ನು ಹೊತ್ತು ತಂದು ಜಗಲಿಯ ಮೇಲಿಟ್ಟ. ಒಳಗೆ ತರಲಿಲ್ಲ. ಮರುದಿನವೂ ಅದು ಅಲ್ಲೇ ಇತ್ತು. ಅವನು ಹೋಗುವಾಗ ಬರುವಾಗ ಅದನ್ನು ಸುತ್ತಿ ಬಳಸಿ ನಡೆಯುತ್ತಿದ್ದ.

ಚಳಿ ಬಂತು. ಚಳಿಗಾಲದ ಮೊದಲ ದಿನ, ಹೊತ್ತು ನೆತ್ತಿಯಿಂದ ಇಳಿಯುವಾಗ ಹೆಂಡತಿಗೆ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋದಳು. ಅವಳ ಹಿಂದೆಯೇ ಗ್ರಂಥಪಾಲಕಿ ಬಟ್ಟಲು ಹಿಡಿದು ಬಂದು ಹೊಸ್ತಿಲ ಹೊರಗೆ ನಿಂತಳು. ಗಂಡ ಜಗಲಿಯ ಮೇಲೆ, ಬಿಂದಿಗೆಯ ಪಕ್ಕದಲ್ಲಿ, ಮೊಣಕಾಲು ತಬ್ಬಿಕೊಂಡು ಕೂತಿದ್ದ. ಪಕ್ಕದ ಮನೆಯ ಬಾಣಂತಿ ಅವಳಿ ಕೂಸುಗಳನ್ನು ಹೊತ್ತು ಅಂಗಳದ ಗೋಡೆಗೆ ಬಂದು ನಿಂತಳು.

"ನಿಮ್ಮ ಮನೆಯ ಮೌನ ಮರಳಿಲ್ಲ, ಒಂದು ಸದ್ದು ಕೊಡಿ," ಎಂದಳು ಗ್ರಂಥಪಾಲಕಿ.

ಗಂಡ ತಲೆ ಎತ್ತಲಿಲ್ಲ. ಅವಳು ಬಗ್ಗಿ ಬಟ್ಟಲನ್ನು ಹೊಸ್ತಿಲ ಮೇಲಿಟ್ಟಳು.

ಮನೆಯೊಳಗೆ ಮಾತು ಬಾರದ್ದರಿಂದ ಸೂಲಗಿತ್ತಿ ಬಿಸಿನೀರಿಗೆಂದು ಬಂದಾಗೊಮ್ಮೆ ಹೊರಗೆ ನಿಂತು ಬಯ್ದಳು. "ಕರುಳು ಇಲ್ಲೇನು ನಿನಗ? ಹುಟ್ಟೂ ಕೂಸಿನ ಅಳು ಒಯ್ಯಾಕ ಬಂದೀಯಲ್ಲ."

"ಮೌನ ನನ್ನದಲ್ಲ ಯವ್ವಾ," ಎಂದಳು ಗ್ರಂಥಪಾಲಕಿ. "ನನ್ನದಾಗಿದ್ರ ಎಂದೋ ಬಿಟ್ಟಕೊಡತಿದ್ದೆ." ಅವಳು ಗಂಡನನ್ನು ನೋಡುತ್ತಿದ್ದಳು. ಹೇಳಬಾರದ ಮಾತು ಅವಳ ಬಾಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಮೂಲೆಯ ಬೆಂಚನ್ನು ಮುಂದೆ ಯಾರೂ ನಂಬುವುದಿಲ್ಲ ಎಂದು ನುಂಗಿಕೊಂಡಳು.

ಒಳಗೆ ಹೆಂಡತಿ ನೋವಿನಲ್ಲಿ ಬಾಯಿ ತೆರೆದು ಕೂಗಿದಳು. ಸದ್ದು ಬರಲಿಲ್ಲ. ಬಾಗಿಲ ಚಿಲಕ ಹಿಡಿದು ಜಗ್ಗಿದಳು. ಅದಕ್ಕೂ ಸದ್ದಿರಲಿಲ್ಲ. ಕೂಸು ಹುಟ್ಟಿತು. ಸೂಲಗಿತ್ತಿ ಅದನ್ನು ಒರೆಸಿ ಮೊರದಲ್ಲಿ ಮಲಗಿಸಿದಳು. ಹೆಣ್ಣುಕೂಸು. ಅದು ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿ, ಇದ್ದಷ್ಟೂ ಬಾಯಿ ತೆರೆಯಿತು. ಹೆಂಡತಿ ಆ ತೆರೆದ ಬಾಯನ್ನೇ ನೋಡಿದಳು. ಅದರ ಸಣ್ಣ ನಾಲಿಗೆ ಅದುರುತ್ತಿತ್ತು. ಕೋಣೆಯಲ್ಲಿ ಏನೂ ಕೇಳಲಿಲ್ಲ.

ಅಳು ಹೊಸ್ತಿಲ ಮೇಲಿನ ಬಟ್ಟಲಲ್ಲಿ ಕೇಳಿತು.

ಅಂಗಳದಲ್ಲಿದ್ದವರಿಗೆಲ್ಲ ಕೇಳಿತು. ಹಿತ್ತಾಳೆಯೊಳಗೆ ಹಸುಗೂಸಿನ ಅಳು ಸುತ್ತುತ್ತಿತ್ತು. ಬಟ್ಟಲು ಸಣ್ಣಗೆ ನಡುಗುತ್ತ ಹೊಸ್ತಿಲ ಮೇಲೆ ಒಂದಿಷ್ಟು ಸರಿಯಿತು. ಬಾಣಂತಿ ತನ್ನ ಎರಡು ಕೂಸುಗಳನ್ನೂ ಎದೆಗೆ ಒತ್ತಿಕೊಂಡಳು. ಗ್ರಂಥಪಾಲಕಿ ಕಣ್ಣು ಮುಚ್ಚಿದಳು. ಬಿಸಿಲು ಜಗಲಿಯಿಂದ ಇಳಿದು ಅಂಗಳದ ಆ ತುದಿಗೆ ಹೋಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಎದುರುಮನೆಯಲ್ಲಿ ದೀಪ ಹಚ್ಚುತ್ತಾರೆ. ಗಂಡ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದ. ಅಳು ನಿಲ್ಲಲಿಲ್ಲ. ಅವನು ಕಿವಿಯಿಂದ ಕೈ ತೆಗೆದ. ಯಾರಾದರೂ ಬಂದಾರೇನೋ ಎಂಬಂತೆ ಒಮ್ಮೆ ಒಳಬಾಗಿಲ ಕಡೆ ನೋಡಿದ.

ಆಮೇಲೆ ಎದ್ದ. ಬಿಂದಿಗೆಯನ್ನು ಹೆಗಲಿಗೇರಿಸಿಕೊಂಡು ಅಂಗಳ ದಾಟಿ, ಓಣಿ ದಾಟಿ ಓಡಿದ. ಊರಿನ ಸುತ್ತಿಗೆಗಳು ಇನ್ನೂ ಬಡಿಯುತ್ತಿದ್ದವು. ಓದುವ ಕೋಣೆಯಲ್ಲಿ ಅವನು ಮೂಲೆಯ ಬೆಂಚಿನ ಮೇಲೆ ಕೂತದ್ದನ್ನು ಕಂಡವರಿದ್ದಾರೆ. ಬಿಂದಿಗೆಯನ್ನು ತಬ್ಬಿಕೊಂಡು ಅದರ ಬಾಯೊಳಗೆ ಏನೋ ಹೇಳಿದ, ಬಹಳ ಹೇಳಲಿಲ್ಲ. ಅವನು ಮುಗಿಸುವಷ್ಟರಲ್ಲಿ ಆ ಮೂಲೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಫ್ಯಾನಿನ ಕೆಳಗೆ ಪುಸ್ತಕ ಹಿಡಿದು ತೂಕಡಿಸುತ್ತಿದ್ದವನೊಬ್ಬ ಎಚ್ಚೆತ್ತು ಸುತ್ತಮುತ್ತ ನೋಡಿದ.

ಮನೆಯಲ್ಲಿ ಮೊದಲು ಕೇಳಿದ್ದು ಬಚ್ಚಲ ನಲ್ಲಿ. ಅದು ತೊಟ್ಟಿಕ್ಕುತ್ತಿದೆ ಎಂಬುದೇ ಹೆಂಡತಿಗೆ ಮರೆತು ಹೋಗಿತ್ತು. ಆಮೇಲೆ ಚಿಲಕ, ಬಳೆ, ಒಲೆಯ ಮೇಲೆ ಕುದಿಯುವ ನೀರು. ಆಮೇಲೆ ಮೊರದಲ್ಲಿ ಕೂಸು ಕಿಟಾರನೆ ಅತ್ತಿತು. ಹೊಸ್ತಿಲ ಮೇಲಿನ ಬಟ್ಟಲು ಖಾಲಿಯಾಗಿತ್ತು. ಗ್ರಂಥಪಾಲಕಿ ಅದನ್ನು ಎತ್ತಿ ಸೆರಗಿನಿಂದ ಒರೆಸಿಕೊಂಡು, ಗೋಡೆಯ ಆಚೆ ನಿಂತ ಬಾಣಂತಿಗೆ, "ನಾಳೆ ಬಾ, ಕಪಾಟು ತೆಗದಿರತೀನಿ," ಎಂದಷ್ಟೇ ಹೇಳಿ ಹೋದಳು. ಬಾಣಂತಿಗೆ ಅರ್ಥವಾಗಲಿಲ್ಲ.

ಗಂಡ ಬರಿಗೈಯಲ್ಲಿ ಬಂದ. ಸೂಲಗಿತ್ತಿ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಹೆಂಡತಿ ಅವನ ಮುಖ ನೋಡಲಿಲ್ಲ. ಬಿಂದಿಗೆ ತುಂಬಿದೆ ಎಂದರೆ ಅವನು ಹೇಳಿದ್ದಾನೆ. ಮಗನನ್ನು ಕೊಂದವಳು ಎಂದು ಹೇಳಿಯೇ ಬಂದಿದ್ದಾನೆ. ಇನ್ನು ಮನೆಯಲ್ಲೂ ಹೇಳುತ್ತಾನೆ, ಈಗ ಇಲ್ಲಿ ಮಾತು ಬರುತ್ತದೆ. ಅವಳು ಕಾದಳು. ಕೂಸು ಅಳುತ್ತಲೇ ಇತ್ತು. ತಡೆಯಲಾರದೆ ಅವಳೇ ಬಾಯಿ ತೆರೆದಳು.

"ಕೂಸು ಅಳಾಕತ್ತೈತಿ."

"ಕೇಳಾಕತ್ತೈತಿ," ಎಂದ ಅವನು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ಆವತ್ತೂ ಕೇಳಿಸಿತ್ತು. ಎಚ್ಚರ ಇದ್ದೆ. ನೀ ಏಳ್ತಿ ಅಂತ ಮಲಗಿದ್ದೆ."

ಹೆಂಡತಿ ಈಗ ಅವನ ಮುಖ ನೋಡಿದಳು. ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಒಂದೇ ಹಾಸಿಗೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿಕೊಂಡು, ಇಬ್ಬರೂ ಎಚ್ಚರವಾಗಿ, ಒಂದೇ ಅಳುವನ್ನು ಕೇಳುತ್ತ ಮಲಗಿದ್ದರು. ಇಬ್ಬರಲ್ಲಿ ಒಬ್ಬರು ಎದ್ದಿದ್ದರೂ ಸಾಕಿತ್ತು. ಆ ಸಿಟ್ಟು ಯಾರ ಮೇಲೆ ಎಂದು ಅವಳಿಗೆ ಗೊತ್ತಾಗಲಿಲ್ಲ. "ನಾನೂ..." ಎಂದಳು. ಅವನಿಗೆ ಅಷ್ಟರಲ್ಲೇ ತಿಳಿಯಿತು. ಅವನು ಗೋಡೆಗೆ ಒರಗಿದ.

"ಅಯ್ಯ ನಿಮ್ಮ," ಎಂದು ಸೂಲಗಿತ್ತಿ ಬಚ್ಚಲಿನಿಂದ ಕೂಗಿದಳು. "ಕೂಸು ಆವಾಗಿಂದ ಅಳಾಕತ್ತೈತಿ. ಯಾರರ ಎತ್ತಿಕೊಳ್ರಿ ಅದನ್ನ."

ಅವಳು ಮೊಣಕೈ ಊರಿ ಏಳಹೋದಳು. ಅವನು ನುಗ್ಗಿ ಬಂದು ಮೊರದ ಮುಂದೆ ಮೊಣಕಾಲೂರಿದ. ಕುತ್ತಿಗೆಯ ಕೆಳಗೆ ಕೈ ಕೊಡುವುದು ಹೇಗೆಂದು ಅವನಿಗೆ ಮರೆತಿತ್ತು, ಅವಳು ಅವನ ಕೈ ಹಿಡಿದು ತೋರಿಸಿದಳು. ಅವನ ಒರಟು ಕೈ ತಾಗಿ ಕೂಸು ಇನ್ನಷ್ಟು ಜೋರಾಗಿ ಅತ್ತಿತು. ಸುಮ್ಮನಾಗು ಎಂದು ಇಬ್ಬರೂ ಅದಕ್ಕೆ ಹೇಳಲಿಲ್ಲ.